ಥಂಡಿ ಹೊಡೆದ ತುಳಸಿ

ಮಳಖೇಡ
ಮಾರ್ಚ್ ೧, ಭಾನುವಾರ

ಮಾತೃಸಮಾನರಾದ ಅತ್ತೆಯವರಿಗೆ ನಿಮ್ಮ ಸೊಸೆ ಪ್ರಮಿತಾ ಮಾಡುವ ನಮಸ್ಕಾರಗಳು.

ಆಪರೇಷನ್ ಆದ ಮೊಣಕಾಲು ಈಗ ಹೇಗಿದೆ? ಗೋಡೆ ಹಿಡಿದುಕೊಂಡು ನೀವೊಬ್ಬರೇ ಬಚ್ಚಲಿಗೆ ಹೋಗಿ ಬರುತ್ತೀರಿ ಎಂದು ವೃಂದಕ್ಕ ಫೋನಿನಲ್ಲಿ ಹೇಳಿದ ದಿನ ನಿಮ್ಮ ಮಗ ಎರಡು ರೊಟ್ಟಿ ಹೆಚ್ಚಿಗೆ ಉಂಡರು. ಕಾಲಿನ ಸೆಳೆತ ಕಡಿಮೆಯಾಗಿದೆಯೇ? ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡಿರಿ. ಆ ಹುಡುಗಿ ಬಂದು ಕಾಲು ಮಡಚಿಸುವಾಗ ನೀವು ಆಕೆಯನ್ನು ಬೈಯುತ್ತೀರಂತೆ. ಬೈಯಿರಿ, ಆದರೆ ಕಾಲನ್ನೂ ಮಡಚಿರಿ. ಸೊಲ್ಲಾಪುರದಲ್ಲಿ ಮಗಳ ಮನೆಯ ಸಾರಿಗೆ ಹುಳಿ ಸಾಲದು ಎಂದು ಹೋದ ಕಾಗದದಲ್ಲಿ ಬರೆದಿದ್ದಿರಿ. ಈ ಕಾಗದದ ಜೊತೆ ನಿಮ್ಮ ಮಗನ ಕಚೇರಿಯವರೊಬ್ಬರ ಕೈಯಲ್ಲಿ ಹುಣಸೆಹಣ್ಣಿನ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ವೃಂದಕ್ಕ ತಪ್ಪು ತಿಳಿಯದ ಹಾಗೆ ಮೆಲ್ಲಗೆ ಕೊಡಿರಿ.

ಇಲ್ಲಿ ಎಲ್ಲರೂ ಆರಾಮವಾಗಿದ್ದೇವೆ. ನಿಮ್ಮ ಮೊಮ್ಮಗಳು ಪದ್ಮಜಾಳ ಹತ್ತನೇ ತರಗತಿ ಪರೀಕ್ಷೆ ಹತ್ತಿರ ಬಂತು. ಮನೆಯ ತುಂಬ ಪುಸ್ತಕ ಹರಡಿಕೊಂಡು, ಓದುವುದಕ್ಕಿಂತ ಹೆಚ್ಚು ಹೊತ್ತು ವೇಳಾಪಟ್ಟಿಗೆ ಬಣ್ಣ ಹಚ್ಚುತ್ತಾಳೆ. ನಿಮ್ಮ ಮಗ ಎಂದಿನಂತೆ ಬೆಳಗಿನ ಗಾಡಿಗೆ ವಾಡಿಯ ಕಚೇರಿಗೆ ಹೋಗಿ ಸಂಜೆ ಬರುತ್ತಾರೆ. ಜನವರಿಯಲ್ಲಿ ಹಾಕಿಕೊಂಡ ಉಣ್ಣೆಯ ಟೊಪ್ಪಿಗೆಯನ್ನು ಅವರು ಬಿಚ್ಚಿದ್ದು ಹೋದ ವಾರ. ಈಗ ಮತ್ತೆ ನಮ್ಮ ಬಿಸಿಲು ಬಂದಿದೆ. ಮಧ್ಯಾಹ್ನ ಅಂಗಳದ ಕಲ್ಲಿನ ಮೇಲೆ ಕಾಲಿಡಲಾಗದು. ಇನ್ನೆರಡು ದಿನಕ್ಕೆ ಹೋಳಿ ಹುಣ್ಣಿಮೆ.

ಅತ್ತೆಯವರೇ, ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಕೂಗಿ ಹೇಳಿದರೆ ನಿಮ್ಮೊಬ್ಬರನ್ನು ಬಿಟ್ಟು ಓಣಿಯವರಿಗೆಲ್ಲ ಕೇಳಿಸುತ್ತದೆ. ಆದ್ದರಿಂದ ನಮ್ಮಿಬ್ಬರ ನಡುವೆ ಕಾಗದವೇ ಗತಿ. ಅಂಥ ಕಾಗದದಲ್ಲಿ ನಾನು ಎರಡು ಸಲ ಸುಳ್ಳು ಬರೆದಿದ್ದೇನೆ. "ಹಿತ್ತಲು ಚೆನ್ನಾಗಿದೆ, ಚಿಂತೆ ಮಾಡಬೇಡಿರಿ" ಎಂದು ಬರೆದ ದಿನ ಹಿತ್ತಲು ಚೆನ್ನಾಗಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಇವತ್ತು ಬರೆಯುತ್ತೇನೆ. ಓದುವಾಗ ಕಾಲು ಚಾಚಿಕೊಂಡು ಕುಳಿತಿರಿ. ಕೊನೆ ಕೆಟ್ಟದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ವೈಕುಂಠ ಏಕಾದಶಿ ಮುಗಿಸಿ ನೀವು ಆಪರೇಷನ್ನಿಗೆಂದು ಸೊಲ್ಲಾಪುರಕ್ಕೆ ವೃಂದಕ್ಕನ ಮನೆಗೆ ಹೊರಟಾಗ ಯಾವ ಗಿಡಕ್ಕೆ ಎಷ್ಟು ನೀರು, ಯಾವುದಕ್ಕೆ ನೆರಳು, ಯಾವುದಕ್ಕೆ ಬೂದಿ ಎಂದು ಬೆರಳು ಮಡಚಿ ಹೇಳಿದಿರಿ. ನಾನು ಬಳ್ಳಾರಿಯ ಬಾಡಿಗೆ ಮನೆಗಳಲ್ಲಿ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ದುಂಡುಮಲ್ಲಿಗೆಗೆ ನಡು ಮಧ್ಯಾಹ್ನ ನೀರು ಹಾಕಿದೆ. ಅಂದು ನೀವು "ಪುಸ್ತಕಾ ಹಿಡಿದ ಕೈಗಿ ಗಿಡಾ ಹತ್ತಂಗಿಲ್ಲ" ಅಂದಿರಿ. ಆಮೇಲೆ ಹದಿನೆಂಟು ವರ್ಷ ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸಿದ್ದು ಬಿಟ್ಟರೆ ಬೇರೆ ಕೆಲಸ ಮಾಡಿಲ್ಲ. ಬೇಸರದಿಂದ ಬರೆಯುತ್ತಿಲ್ಲ, ಅದು ನಿಮ್ಮ ಜಾಗ, ಅಡಿಗೆಮನೆ ನನ್ನದು, ಹಾಗೆ ಸಾಗಿತು. ಆದರೆ ಅದನ್ನು ನನ್ನ ಕೈಗೆ ಕೊಟ್ಟು ನೀವು ಹೊರಟಾಗ ನಾನು ಹೆದರಿದ್ದು ನಿಜ. ಅದರಲ್ಲೂ ತುಳಸಿ. ಇಪ್ಪತ್ತಾರು ವರ್ಷದಿಂದ ದಿನ ತಪ್ಪದೆ ನಮ್ಮ ಬುಟ್ಟಿಯಿಂದಲೇ ಹನುಮಂತದೇವರ ಗುಡಿಗೆ ತುಳಸಿ ಹೋಗುತ್ತದೆ. ನೀವು ಹೇಳಿದ ಪಾಠವೆಲ್ಲ ಬಿಸಿಲಿನದು. ಗಿಡವನ್ನು ಬಿಸಿಲಿನಿಂದ ಕಾಯುವುದು ನಮ್ಮೂರಿನ ಎಳೆಯ ಮಕ್ಕಳಿಗೂ ಗೊತ್ತು. ಥಂಡಿಯಿಂದ ಕಾಯುವುದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ, ನೀವು ನನಗೆ ಹೇಗೆ ಹೇಳುತ್ತೀರಿ?

ಸಂಕ್ರಾಂತಿಗೆ ಮೂರು ದಿನ ಮೊದಲು ಅದು ಬಂತು. ಅದಕ್ಕೂ ಹಿಂದಿನ ಎರಡು ದಿನ ಹಲ್ಲು ಕಡಿಯುವಷ್ಟು ಥಂಡಿ. ಗಾಳಿ ಇಲ್ಲ, ಮೋಡ ಇಲ್ಲ, ಆಕಾಶ ತೊಳೆದಿಟ್ಟ ಹಾಗೆ. ಬೆಳಿಗ್ಗೆ ಸ್ನಾನ ಮಾಡಿ ತುಳಸಿ ಕೀಳಲು ಬುಟ್ಟಿ ಹಿಡಿದು ಹಿತ್ತಲ ಬಾಗಿಲು ತೆಗೆದೆ. ಹಳ್ಳದ ಕಡೆ ಇಳಿಜಾರಿನಲ್ಲಿರುವ ಹುಲ್ಲು ಪೂರಾ ಬೆಳ್ಳಗಿತ್ತು. ಪದ್ಮಜಾ ರಂಗೋಲಿ ಹಿಟ್ಟು ಚೆಲ್ಲಿದಳೇನೋ ಅಂದುಕೊಂಡು ಹೆಜ್ಜೆ ಇಟ್ಟೆ. ಕಾಲ ಕೆಳಗೆ ಹಪ್ಪಳ ಮುರಿದ ಸದ್ದು. ಇಬ್ಬನಿ ಹೆಪ್ಪುಗಟ್ಟಿತ್ತು, ಅತ್ತೆಯವರೇ! ಮಳಖೇಡದಲ್ಲಿ! ಬಾಳೆ ಎಲೆಯ ಅಂಚು, ಪಪ್ಪಾಯಿಯ ಕೊಡೆ, ತುಳಸಿಯ ಕದಿರು, ಎಲ್ಲದರ ಮೇಲೆ ಸಣ್ಣ ಸಕ್ಕರೆ ಉದುರಿಸಿದಂತೆ. ಪಾಪಿ ನಾನು, ಎಷ್ಟು ಚಂದ ಅಂದುಕೊಂಡು ಎಲ್ಲರನ್ನೂ ಕೂಗಿ ಕರೆದೆ. ನಿಮ್ಮ ಮಗ ಫೋಟೋ ತೆಗೆದರು.

ಸೂರ್ಯ ಒಂದು ಆಳು ಎತ್ತರ ಏರುವುದರೊಳಗೆ ಆ ಚಂದ ಮುಗಿಯಿತು. ಬಿಸಿಲು ತಾಗಿದ ಎಲೆ ಮೊದಲು ಬೇಯಿಸಿದ ಪಾಲಕ್ ಸೊಪ್ಪಿನ ಹಾಗೆ ಮೆತ್ತಗಾಗಿ ಜೋತುಬಿತ್ತು. ಮಧ್ಯಾಹ್ನಕ್ಕೆ ಕಂದು, ಸಂಜೆಗೆ ಕಪ್ಪು. ತುಳಸಿಯ ಹದಿನಾಲ್ಕು ಗಿಡದಲ್ಲಿ ಹತ್ತು ಸುಟ್ಟವು. ದುಂಡುಮಲ್ಲಿಗೆ, ಕರಿಬೇವು, ಎರಡೂ ಬಾಳೆ, ಪಪ್ಪಾಯಿ, ಮಾವನವರು ನೆಟ್ಟ ವೀಳ್ಯದ ಎಲೆಬಳ್ಳಿ, ಎಲ್ಲ ಕರ್ರಗೆ. ಆ ಸಂಜೆ ಗಾಬರಿಯಲ್ಲಿ ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳುತ್ತೇನೆ. ಅಟ್ಟದಲ್ಲಿದ್ದ ಪ್ಲಾಸ್ಟಿಕ್ ಹಾಳೆ ತಂದು ತುಳಸಿಗೆ ಬಿಗಿಯಾಗಿ ಸುತ್ತಿದೆ. ಮರುದಿನ ನೋಡಿದರೆ ಪ್ಲಾಸ್ಟಿಕ್ ತಾಗಿದ ಕಡೆಯೆಲ್ಲ ಹೆಚ್ಚು ಸುಟ್ಟಿತ್ತು.

ನಿಮ್ಮ ಮಗ ನನ್ನನ್ನು ಬೈಯಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕುಳಿತು, "ಅಮ್ಮಗ ಹೇಳಬ್ಯಾಡ. ಕಾಲಿಂದು ಹೊಲಿಗಿ ಇನ್ನಾ ಬಿಚ್ಚಿಲ್ಲ. ಎಲ್ಲಾ ಕಿತ್ತಿಸಿ ಹೊಸಾವು ಹಚ್ಚಿಬಿಡೋಣು. ಅಕಿ ಬರೋದ್ರೊಳಗ ಅವೂ ಬೆಳದಿರ್ತಾವ, ಗೊತ್ತಾಗಂಗಿಲ್ಲ" ಅಂದರು. ನನಗೂ ಅದೇ ಬೇಕಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಿಮ್ಮ ಮುಖ ನೆನೆದು ಹೆದರಿದ್ದೆ. ಮರುದಿನವೇ ಅವರು ಕೂಲಿಯ ದೇವಿಂದ್ರನನ್ನು ಕರೆಸಿದರು. ಅವನು ಗುದ್ದಲಿ, ಕುಡುಗೋಲು ತಂದ. ಮೊದಲು ದುಂಡುಮಲ್ಲಿಗೆಯ ಒಂದು ಟೊಂಗೆ ಕಡಿದ. ಎರಡನೆಯದಕ್ಕೆ ಕೈ ಎತ್ತಿದ್ದ.

"ಏ ದೇವಿಂದ್ರ! ಕೈ ತಗಿ! ಸತ್ತದೋ ಬದುಕ್ಯದೋ ನೋಡದ ಹೆಣಾ ಎತ್ತತಾರೇನೋ?"

ಗೋಡೆಯಾಚೆಯಿಂದ ಬಂದ ದನಿ ಅದು. ಕಟ್ಟಿಗೆ ಡಬ್ಬಿಯ ಮೇಲೆ ನಿಂತಿದ್ದರೆಂದು ಕಾಣುತ್ತದೆ, ಪರಸಿ ಕಲ್ಲಿನ ಗೋಡೆಯ ಮೇಲೆ ಸೆರಗು ಹೊದ್ದ ತಲೆಯೊಂದೇ ಕಾಣುತ್ತಿತ್ತು. ಹೌದು, ಪಕ್ಕದ ಮನೆಯ ಅಮೀರ್ಬೀ. ಇಲ್ಲಿ ಕಾಗದ ಕೆಳಗಿಟ್ಟು ಒಂದು ಗುಟುಕು ನೀರು ಕುಡಿಯಿರಿ.

ಎಂಟು ವರ್ಷದ ಹಿಂದೆ ತುಳಸಿ ಲಗ್ನದ ದಿನ ಅವರ ಆಡು ಗೋಡೆ ಹಾರಿ ಬಂದದ್ದು ನನಗೂ ಮರೆತಿಲ್ಲ. ಕಬ್ಬಿನ ಚಪ್ಪರ ಹಾಕಿ, ಅರಿಸಿನ ಕುಂಕುಮ ಹಚ್ಚಿ, ಹಸಿರು ಖಣ ಉಡಿಸಿ ನೀವು ಅಲಂಕಾರ ಮಾಡಿಟ್ಟ ಮದುಮಗಳನ್ನು ಅದು ಬುಡದವರೆಗೆ ತಿಂದು, ಖಣವನ್ನೂ ಅರ್ಧ ಅಗಿದು ನಿಂತಿತ್ತು. ನೀವು ಅಂದದ್ದು, ಅವರು ಅಂದದ್ದು, ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಅದೇ ತಿಂಗಳು ನೀವು ಶಹಾಬಾದಿನಿಂದ ಪರಸಿ ಕಲ್ಲು ತರಿಸಿ ಗೋಡೆಯನ್ನು ಎರಡು ಕಲ್ಲು ಎತ್ತರಿಸಿದಿರಿ. ಅಂದಿನಿಂದ ಎರಡೂ ಮನೆಗೆ ಮಾತಿಲ್ಲ. ಆ ಮೌನ ಮುರಿದದ್ದು ದೇವಿಂದ್ರನ ಕುಡುಗೋಲು.

ಅವರು ಓಣಿ ಸುತ್ತಿ ನಮ್ಮ ಹಿತ್ತಲಿಗೆ ಬಂದರು. ನಾನು ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನೇರವಾಗಿ ಹೋಗಿ ಸುಟ್ಟ ತುಳಸಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ನನ್ನನ್ನು ಕರೆದರು. "ನಾ ಮುಟ್ಟಂಗಿಲ್ಲ ಬೇಟಿ, ನಿಮ್ಮ ದೇವರ ಗಿಡಾ. ನೀವು ಉಗುರಲೆ ಕೆರೀರಿ. ಬುಡದ ಕಡಿ, ಜರಾ." ಕೆರೆದೆ. ಕಪ್ಪು ಸಿಪ್ಪೆ ಸರಿದ ಕೂಡಲೆ ಒಳಗೆ ಹಸಿರು ಗೆರೆ. ಎಳೆ ಹೆಸರುಕಾಯಿಯಂಥ ಹಸಿರು. "ಹೊರಗ ಸುಟ್ಟದ, ಒಳಗ ಅದ" ಅಂದರು ಅಮೀರ್ಬೀ. ದುಂಡುಮಲ್ಲಿಗೆಯಲ್ಲೂ ಅದೇ ಹಸಿರು. ಕರಿಬೇವಿನಲ್ಲೂ. ದೇವಿಂದ್ರ ಗುದ್ದಲಿ ಊರಿಕೊಂಡು, "ಖರೆ ಅದ ನೋಡ್ರಿ, ನಾ ಪಾಪಾ ಕಟ್ಕೋತಿದ್ದೆ" ಎಂದು ಕಿವಿ ಹಿಡಿದುಕೊಂಡ.

ಅವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಿಮಗೆ ಅನ್ನಿಸುತ್ತದೆ. ಅವರ ತವರು ಚಿಂಚೋಳಿ ಕಡೆ. ಕಾಡಿನ ಮಗ್ಗುಲಲ್ಲಿ, ಹೊಳೆದಂಡೆಯ ತಗ್ಗಿನಲ್ಲಿ ಅವರ ಅಪ್ಪ ಬೇರೆಯವರ ಬಾಳೆತೋಟ ಕಾಯುತ್ತಿದ್ದರಂತೆ. ನಾಲ್ಕೈದು ವರ್ಷಕ್ಕೊಮ್ಮೆ ಅಲ್ಲಿ ಇಂಥ ಥಂಡಿ ಬೀಳುತ್ತಿತ್ತಂತೆ. ನೀರು ತಗ್ಗಿಗೆ ಹರಿದು ನಿಲ್ಲುವ ಹಾಗೆ ಥಂಡಿಯೂ ಹರಿದು ಬಂದು ನಿಲ್ಲುತ್ತದೆ, ನಿಮ್ಮ ಹಿತ್ತಲು ಹಳ್ಳದ ಕಡೆ ಇಳಿದಿದೆ, ಅದಕ್ಕೇ ಇಲ್ಲಿ ಹೊಡೆಯಿತು, ಮೇಲಿನ ಓಣಿಯಲ್ಲಿ ಹೊಡೆದಿಲ್ಲ ಎಂದು ವಿವರಿಸಿದರು. ಹೋಗಿ ನೋಡಿದೆ, ನಿಜ, ಮೇಲಿನ ಓಣಿಯ ಗಿಡಗಳಿಗೆ ಏನೂ ಆಗಿರಲಿಲ್ಲ. ನಮ್ಮ ಹದಿನಾಲ್ಕರಲ್ಲಿ ಉಳಿದ ನಾಲ್ಕು ತುಳಸಿ ಯಾವುವು ಗೊತ್ತೇ? ಆ ಪರಸಿ ಗೋಡೆಗೆ ಅಂಟಿಕೊಂಡಿದ್ದವು. ಹಗಲಿನ ಬಿಸಿಲು ಕುಡಿದ ಕಲ್ಲು ಬೆಳಗಿನ ತನಕ ಬೆಚ್ಚಗಿತ್ತು. ಗೋಡೆ ಎತ್ತರವಿದ್ದದ್ದು ಒಳ್ಳೆಯದೇ ಆಯಿತು ಎಂದು ನಾನು ಅಂದಾಗ ಅಮೀರ್ಬೀ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

ಅವರು ಹೇಳಿದ ಮುಖ್ಯ ಮಾತು ಏನನ್ನೂ ಕತ್ತರಿಸಬಾರದು ಎಂಬುದು. ನನಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. "ಈ ಕರ್ರನ ಎಲಿ ಹಾಂಗೇ ಇರ್ಲಿ. ಈಗ ಅವೇ ಗಿಡಕ್ಕ ಚಾದರ. ಈಗೇ ಕತ್ತರಿಸಿದ್ರ ಚಿಗೀತದ. ಮತ್ತ ಥಂಡಿ ಬಂದ್ರ ಆ ಚಿಗುರೂ ಹೋಗ್ತದ, ಬೇರಿನ ತ್ರಾಣಾನೂ ಹೋಗ್ತದ. ಶಿವರಾತ್ರಿ ತನಕ ಕತ್ತರಿ ಮುಟ್ಟಬ್ಯಾಡ್ರಿ. ಗೊಬ್ಬರಾನೂ ಬ್ಯಾಡ. ಜಡ್ಡಾದವರಿಗಿ ಹೋಳಿಗಿ ಉಣಸ್ತಾರೇನು?" ಬಿಸಿಲೇರಿದ ಮೇಲೆ ಬುಡಕ್ಕಷ್ಟೇ ನೀರು, ಎಲೆಗೆ ಬೇಡ. ಸಂಜೆ ನಾಲ್ಕು ಗೂಟ ನೆಟ್ಟು ಗಿಡಕ್ಕೆ ತಾಗದ ಹಾಗೆ ಬಟ್ಟೆಯ ಚಪ್ಪರ, ಬೆಳಿಗ್ಗೆ ಬಿಸಿಲು ಬಂದ ಕೂಡಲೆ ತೆಗೆಯುವುದು.

ಮುಂದೆ ಇನ್ನೂ ನಾಲ್ಕು ದಿನ ಥಂಡಿ ಇತ್ತು. ಮನೆಯಲ್ಲಿದ್ದ ಹೊದಿಕೆಯೆಲ್ಲ ಹೊರಗೆ ಬಂತು. ನಿಮ್ಮ ಮಗನ ಎರಡು ಧೋತರ, ಪದ್ಮಜಾಳ ಚಾದರ, ನಿಮ್ಮ ದೊಡ್ಡ ಕೌದಿ. ದುಂಡುಮಲ್ಲಿಗೆಗೆ ಮಾತ್ರ ಯಾವುದೂ ಸಾಲಲಿಲ್ಲ, ಅದು ಅಷ್ಟು ಹರಡಿದೆ. ಕತ್ತಲಾಗುತ್ತಿತ್ತು. ಉದ್ದವಾದದ್ದು ಮನೆಯಲ್ಲಿ ಒಂದೇ ಇತ್ತು. ನಿಮ್ಮ ಮಡಿ ಸೀರೆ. ಅದನ್ನೇ ಹೊದಿಸಿದೆ. ನಾಲ್ಕು ದಿನ ಹೊದಿಸಿದೆ. ಆಮೇಲೆ ಮೂರು ಸಲ ನೀರಿನಲ್ಲಿ ಜಾಲಿಸಿ ಒಣಗಿಸಿ ಮಡಚಿ ಇಟ್ಟಿದ್ದೇನೆ. ಒಂದು ಕಡೆ ಗೂಟಕ್ಕೆ ಸಿಕ್ಕಿ ಬೆರಳಗಲ ಹರಿದಿದೆ, ಹೊಲಿದಿದ್ದೇನೆ.

ಈಗ ಗುಡಿಯ ವಿಷಯ. ಇದನ್ನು ಬರೆಯಲು ಇಷ್ಟು ಹೊತ್ತು ಸುತ್ತಿ ಬಂದೆ. ಗೋಡೆ ಪಕ್ಕದ ನಾಲ್ಕು ಗಿಡದಿಂದ ಎರಡು ದಿನ ತುಳಸಿ ಕೊಟ್ಟೆ. ಮೂರನೇ ದಿನ ಕಿತ್ತರೆ ಅವೂ ಬೋಳಾಗುತ್ತಿದ್ದವು. ಬುಟ್ಟಿ ಹಿಡಿದು ಸುಮ್ಮನೆ ನಿಂತಿದ್ದೆ. ಅಮೀರ್ಬೀ ಗೋಡೆಯ ಮೇಲಿಂದ ನೋಡಿ, "ಇಲ್ಲಿ ಬರ್ರಿ ಒಂದ್ ಸಲ" ಅಂದರು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವರ ಮನೆಯ ಅಂಗಳಕ್ಕೆ ಕಾಲಿಟ್ಟೆ. ಒಲೆಯ ಹಿಂದಿನ ಬೆಚ್ಚಗಿನ ಗೋಡೆಯ ಸಂದಿನಲ್ಲಿ ಎದೆಯೆತ್ತರ ಒಂಬತ್ತು ತುಳಸಿ ಗಿಡ. ಸುತ್ತ ಮುಳ್ಳುಬೇಲಿ. ಆಡುಗಳನ್ನು ಅಂಗಳದ ಆ ಕೊನೆಗೆ ಕಟ್ಟಿದ್ದಾರೆ. "ಎಲ್ಲಾ ನಿಮ್ಮತ್ತಿಯವೇ. ಬೀಜಾ ಗಾಳಿಗಿ ಹಾರಿ ಈ ಕಡಿ ಬಿದ್ದಾವ. ಮೊದಲನೇ ವರ್ಷ ಕಿತ್ತಿ ಒಗೀಬೇಕಂತ ಕುಂತೆ, ಕೈ ಬರಲಿಲ್ಲ. ಸಿಟ್ಟು ಮನಷ್ಯಾರ ಮ್ಯಾಲ ಇತ್ತು, ಗಿಡದ ಮ್ಯಾಲೇನದ?" ಅಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ದೇವರಿಗಿ ನಡೀತದೋ ಇಲ್ಲೋ ನಂಗ ಗೊತ್ತಿಲ್ಲ. ನೀರು ಮಾತ್ರ ದಿನಾ ಹಾಕೀನಿ" ಅಂದರು.

ಅಲ್ಲಿ ನಿಂತು ನಾನು ನಿಮ್ಮನ್ನೇ ನೆನೆದೆ. ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿಕೊಂಡೆ, ಉತ್ತರ ಹೊಳೆಯಲಿಲ್ಲ. ಆಗ ನಾನು ಏನು ಮಾಡಬೇಕು ಎಂದು ಕೇಳಿಕೊಂಡೆ, ಅದು ಹೊಳೆಯಿತು. ಕಿತ್ತುಕೊಂಡೆ. ಬುಟ್ಟಿ ತುಂಬಿತು. ಗುಡಿಯ ಆಚಾರರಿಗೆ ಮೂರು ದಿನ ಹೇಳದೆ ಕೊಟ್ಟೆ. ನಾಲ್ಕನೇ ದಿನ ತಡೆಯಲಾಗಲಿಲ್ಲ, ಮೆಟ್ಟಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರು ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. "ಬೀಜಾ ನಿಮ್ಮತ್ತಿಯವರದು, ಭೂಮಿ ದೇವರದು. ನೀರು ಹಾಕಿದ್ದು ಆ ತಾಯಿ ಪುಣ್ಯಾ. ಒಳಗ ಬರ್ರಿ, ಹೊತ್ತಾಗ್ಲಿಕತ್ತದ" ಅಂದು ಬುಟ್ಟಿ ತೆಗೆದುಕೊಂಡು ಹೋದರು. ಹೀಗೆ ಮೂವತ್ತು ದಿನಕ್ಕೂ ಹೆಚ್ಚು ದೇವರಿಗೆ ಆ ಮನೆಯ ತುಳಸಿ ಏರಿದೆ. ದ್ವಾದಶಿ ದಿನ ಕೀಳಲಿಲ್ಲ, ನಿಮ್ಮ ನೇಮ ಮುರಿದಿಲ್ಲ. ತಪ್ಪು ಎಂದು ನಿಮಗೆ ಕಂಡರೆ ಆ ತಪ್ಪು ನನ್ನದು. ಆಚಾರರದ್ದಲ್ಲ, ಅಮೀರ್ಬೀಯವರದ್ದಂತೂ ಅಲ್ಲ. ಅವರು ನನ್ನ ಕೈ ಹಿಡಿದು, "ನಿಮ್ಮತ್ತಿಗಿ ನನ್ನ ಹೆಸರು ಹೇಳಬ್ಯಾಡ್ರಿ. ಹೇಳಿದ್ರ ಬದುಕಿದ ಗಿಡಾನೂ ಕಿತ್ತಿಸಿ ಒಗೀತಾರ" ಅಂದಿದ್ದರು. ನೀವು ಹಾಗೆ ಮಾಡುವವರಲ್ಲ ಎಂದು ನಾನು ವಾದಿಸಿದೆ. ಒಂದು ಕಪ್ ಚಹಾ ಮುಗಿಯುವ ತನಕ ವಾದಿಸಿದೆವು. ಹೌದು, ಅವರ ಮನೆಯ ಚಹಾ. ಅದನ್ನೂ ಹೇಳಿಬಿಟ್ಟೆ.

ಆಮೇಲೆ ಕಾಯುವ ಕೆಲಸ. ಕರ್ರಗಿನ ಹಿತ್ತಲನ್ನು ಐದು ವಾರ ದಿನಾ ನೋಡಿಕೊಂಡು ಇರುವುದು ಸುಲಭವಲ್ಲ. ಬಂದವರೆಲ್ಲ ಬೆಂಕಿ ಬಿದ್ದಿತ್ತೇ ಎಂದು ಕೇಳುವರು. ನಿಮ್ಮ ಮಗನಂತೂ ಒಂದು ದಿನ ಕಲಬುರಗಿಯಿಂದ ಆರು ತುಳಸಿ, ಒಂದು ಮಲ್ಲಿಗೆಯ ಕುಂಡ ತಂದು ಪಡಸಾಲೆಯಲ್ಲಿಟ್ಟರು. ಅಮ್ಮನ ಗಿಡದ ಜಾಗದಲ್ಲಿ ಇವನ್ನು ನೆಡುವುದಿಲ್ಲ ಎಂದೆ. "ಸತ್ತ ಗಿಡಾ ಕಾಯ್ಕೋತ ಕುಂತೀಯಲ್ಲ, ಹುಚ್ಚ ಹಿಡದದೇನು ನಿಂಗ?" ಎಂದು ಸಿಟ್ಟು ಮಾಡಿದರು. ಎರಡು ದಿನ ಮಾತು ಬಿಟ್ಟರು. ಒಮ್ಮೊಮ್ಮೆ ನನಗೂ ಅವರೇ ಸರಿಯೇನೋ ಅನ್ನಿಸುತ್ತಿತ್ತು. ಫೆಬ್ರುವರಿ ಮೊದಲ ವಾರ ಎಲೆಬಳ್ಳಿಯನ್ನು ತುದಿಯಿಂದ ಬುಡದ ತನಕ ಗೇಣುಗೇಣಿಗೆ ಕೆರೆದು ನೋಡಿದೆ. ಎಲ್ಲೂ ಹಸಿರಿಲ್ಲ. ಮಣ್ಣು ಸರಿಸಿ ಬೇರು ನೋಡಿದೆ, ಕೊಳೆತಿತ್ತು. ಮಾವನವರು ಹಂಬು ತಂದು ನೆಟ್ಟ ಬಳ್ಳಿ. ಅವರು ಹೋದ ಮೇಲೂ ನೀವು ಪ್ರತಿ ಹಬ್ಬಕ್ಕೆ ಮೊದಲ ಎಲೆ ಅವರ ಫೋಟೋದ ಮುಂದೆ ಇಡುತ್ತಿದ್ದಿರಿ. ಅಲ್ಲೇ ಕುಳಿತು ಅತ್ತುಬಿಟ್ಟೆ. ಅಮೀರ್ಬೀ ಬಂದು ಬೇರನ್ನು ಮುಟ್ಟಿ ನೋಡಿದರು. "ಇದು ಹೋಗ್ಯದ ಬೇಟಿ" ಅಂದರು. ಆ ಬಳ್ಳಿಯನ್ನು ಉಳಿಸಲಾಗಲಿಲ್ಲ, ಅತ್ತೆಯವರೇ. ಕ್ಷಮಿಸಿರಿ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಏನು ನೆಡಬೇಕು, ನೆಡಬೇಕೋ ಬೇಡವೋ, ನೀವೇ ಹೇಳಬೇಕು.

ಪಪ್ಪಾಯಿಯೂ ಹೋಯಿತು. ಕಾಂಡ ಮೆತ್ತಗಾಗಿ ತಾನೇ ಬಿತ್ತು. ಹೋದದ್ದು ಇವೆರಡು, ಮತ್ತೆ ಮೂರು ತುಳಸಿ.

ಇನ್ನು ಬಂದದ್ದನ್ನು ಕೇಳಿರಿ. ಶಿವರಾತ್ರಿಗೆ ನಾಲ್ಕು ದಿನ ಇರುವಾಗ ದುಂಡುಮಲ್ಲಿಗೆಯ ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ಒಂದು ಕೆಂಪು ಮೊಳಕೆ ಕಂಡಿತು. ಹುಳವೋ ಎಂದು ಬೆರಳಿನಿಂದ ಸವರಿದೆ. ಅದು ಹುಳವಾಗಿರಲಿಲ್ಲ. ನಾನು ಕೂಗಿದ ಕೂಗಿಗೆ ಪದ್ಮಜಾ ಪೆನ್ನು ಹಿಡಿದೇ ಓಡಿಬಂದಳು, ನಿಮ್ಮ ಮಗ ಅರ್ಧ ಗಡ್ಡ ಹೆರೆದು ಬಂದರು. ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ಬಂದು ಮತ್ತೆ ನೋಡಿದರು. "ಹೌದಲ್ಲಾ" ಅಂದರು, ಅಷ್ಟೇ. ಆದರೆ ಅಂದು ಸಂಜೆಯಿಂದ ನೀರು ಸೇದಿ ಕೊಡುವ ಕೆಲಸ ಅವರದಾಯಿತು. ಒಂದೇ ವಾರದಲ್ಲಿ ಎಲ್ಲ ಕಡೆ ಚಿಗುರು. ಶಿವರಾತ್ರಿಯ ಮರುದಿನ ಅಮೀರ್ಬೀ ಬಂದು ಕತ್ತರಿ ಹಿಡಿಯುವುದು ಹೇಗೆಂದು ತೋರಿಸಿದರು: ಹಸಿರು ಎಲ್ಲಿ ಶುರುವಾಗುತ್ತದೋ ಅದಕ್ಕಿಂತ ಒಂದು ಬೆರಳು ಮೇಲೆ, ಓರೆಯಾಗಿ. ಮೊದಲ ಟೊಂಗೆಯನ್ನು ಮೂರು ಸಲ ಬೆರಳಿಟ್ಟು ಅಳೆದು ಕತ್ತರಿಸಿದೆ. ಹತ್ತನೆಯದಕ್ಕೆ ಅಳೆಯಲಿಲ್ಲ. ಬಾಳೆಯ ಹಳೆ ಕಂಬ ಕಡಿದೆವು, ಬುಡದಿಂದ ಮೂರು ಮರಿ ಎದ್ದಿವೆ. ಕರಿಬೇವು ಪೂರಾ ಬೋಳಾಗಿತ್ತು, ಈಗ ತಾಮ್ರದ ಬಣ್ಣದ ಎಲೆ. ಸುಟ್ಟ ಹತ್ತು ತುಳಸಿಯಲ್ಲಿ ಏಳು ಬುಡದಿಂದ ಚಿಗಿತು ಗೇಣೆತ್ತರ ಆಗಿವೆ. ಇನ್ನು ಹದಿನೈದು ದಿನಕ್ಕೆ ಗುಡಿಯ ಬುಟ್ಟಿ ನಮ್ಮ ಹಿತ್ತಲಿಂದಲೇ ತುಂಬುತ್ತದೆ. ಕಲಬುರಗಿಯ ಕುಂಡಗಳನ್ನೂ ಹೊರಗೆ ಹಾಕಿಲ್ಲ, ಮುಂಬಾಗಿಲ ಕಟ್ಟೆಯ ಮೇಲೆ ಇಟ್ಟಿದ್ದೇವೆ.

ನಿಮಗೆ ನಗು ಬರಬಹುದು, ನಾನೀಗ ಬೆಳಿಗ್ಗೆ ಎದ್ದು ಚಹಾಕ್ಕೂ ಮೊದಲು ಹಿತ್ತಲಿಗೆ ಹೋಗುತ್ತೇನೆ. ಉಗುರಿನ ಮಣ್ಣು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಿಮ್ಮ ಉಗುರು ಹಾಗೇಕೆ ಇರುತ್ತಿದ್ದವು ಎಂದು ಹೊಸ ಸೊಸೆಯಾಗಿದ್ದಾಗ ಅಚ್ಚರಿಪಡುತ್ತಿದ್ದೆ. ಮನಸ್ಸು ಈ ದಿನಗಳಲ್ಲಿ ಬಹಳ ಹಗುರಾಗಿದೆ. ಈ ಕಾಗದ ಬರೆದ ಮೇಲೆ ಇನ್ನೂ ಹಗುರಾಯಿತು.

ವೃಂದಕ್ಕನಿಗೆ, ಅವರ ಮನೆಯವರಿಗೆ ನಮ್ಮ ನಮಸ್ಕಾರ ಹೇಳಿರಿ. ಅವರು ನಿಮ್ಮನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಿದ್ದಾರೆಂದು ಬಲ್ಲೆವು. ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿರಿ, ಹೊತ್ತಿಗೆ ಸರಿಯಾಗಿ ಗುಳಿಗೆ ತೆಗೆದುಕೊಳ್ಳಿರಿ. ಪದ್ಮಜಾಳಿಗೆ ಪರೀಕ್ಷೆಗಾಗಿ ನಿಮ್ಮ ಆಶೀರ್ವಾದ ಬೇಕಂತೆ, ಅದರಲ್ಲಿಯೂ ಗಣಿತಕ್ಕೆ ವಿಶೇಷವಾಗಿ.

ನಿಮ್ಮ ಪಾದಕ್ಕೆರಗುವ ಸೊಸೆ,
ಪ್ರಮಿತಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಶುಕ್ರವಾರ ವೃಂದಕ್ಕ ಫೋನು ಮಾಡಿದ್ದರು. ನಮ್ಮ ಮನೆಯ ಮೆಟ್ಟಿಲು, ಹಿತ್ತಲ ಇಳಿಜಾರು ನಿಮ್ಮ ಕಾಲಿಗೆ ಆಗುವುದಿಲ್ಲವಂತೆ. ನಿಮ್ಮನ್ನು ಇನ್ನು ಸೊಲ್ಲಾಪುರದಲ್ಲೇ ಇಟ್ಟುಕೊಳ್ಳುತ್ತಾರಂತೆ. ಖೋಲಿಗೆ ಬಣ್ಣ ಹಚ್ಚಿಸುತ್ತಿದ್ದಾರಂತೆ. "ಅಮ್ಮಗ ಈಗೇ ಹೇಳಬ್ಯಾಡ್ರಿ, ಯುಗಾದಿ ಆದಮ್ಯಾಲ ನಾನೇ ಹೇಳ್ತೀನಿ" ಅಂದರು. ಪ್ರೀತಿಯಿಂದಲೇ ಅಂದರು, ಅವರನ್ನು ಬೈಯಬೇಡಿರಿ. ನಿಮ್ಮ ಮಗ "ಅಕ್ಕ ಹೇಳೋದೂ ಖರೆ ಅದ" ಅಂದು ಫೋನು ಇಟ್ಟರು. ಆಮೇಲೆ ಯಾರಿಗೂ ಹೇಳದೆ ಟೇಪು ಹಿಡಿದು ಮೆಟ್ಟಿಲು ಅಳೆಯುತ್ತ ಕುಳಿತಿದ್ದರು. ಎಲ್ಲರೂ ಮಾತಾಡಿಕೊಂಡರು, ನಿಮ್ಮನ್ನು ಯಾರೂ ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ. ಒಳಗೆ ನಮ್ಮ ವಿಳಾಸ ಬರೆದ ಒಂದು ಪೋಸ್ಟ್ ಕಾರ್ಡು ಇದೆ. ಅಲ್ಲಿ ಇರಲು ಮನಸ್ಸಿದ್ದರೆ "ಇರ್ತೀನಿ" ಎಂದು ಬರೆಯಿರಿ, ನನಗೆ ಒಂದಿಷ್ಟೂ ಕೋಪವಿಲ್ಲ. ಮನಸ್ಸಿಲ್ಲದಿದ್ದರೆ "ಬರ್ತೀನಿ" ಎಂದು ಒಂದೇ ಮಾತು ಬರೆದು ಡಬ್ಬಿಗೆ ಹಾಕಿಸಿರಿ. ಅದು ಕೈಗೆ ಬಂದ ದಿನವೇ ವಾಡಿಗೆ ಹೋಗಿ ಸೊಲ್ಲಾಪುರದ ಗಾಡಿ ಹತ್ತುತ್ತೇನೆ, ನಾನೇ, ಬೇರೆ ಯಾರನ್ನೂ ಕಳಿಸುವುದಿಲ್ಲ. ಹದಿನೆಂಟು ವರ್ಷದಲ್ಲಿ ನಿಮ್ಮ ಹತ್ತಿರ ನಾನು ಏನನ್ನೂ ಬೇಡಿಲ್ಲ, ಅತ್ತೆಯವರೇ. ಬರ್ರಿ.